ನಾಂಪಲ್ಲಿ ಟೇಸನ್ನಿನ ತಮ್ಮ

೧೯೫೬ರ ನವೆಂಬರಿನಲ್ಲಿ ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡಿ ಹಂಚಿದಾಗ ಚಿತ್ತಾಪುರದ ಕಟ್ಟೆಯ ಮೇಲೆ ಕೂತವರೆಲ್ಲ ದೊಡ್ಡ ದೊಡ್ಡ ಮಾತು ಆಡಿದರು. ಭಾಷೆ ಅಂದರು, ಗಡಿ ಅಂದರು, ಇನ್ನು ಮೇಲೆ ಉರ್ದು ಅರ್ಜಿ ಬರೆಯುವ ಗೋಳು ತಪ್ಪಿತು ಅಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುವ ಶರಣಬಸಮ್ಮ ಮಾತ್ರ ಆ ದಾರಿಯಲ್ಲಿ ಹೋಗುತ್ತಿದ್ದವಳು ನಿಂತು ಒಂದೇ ಮಾತು ಕೇಳಿದಳು.

"ಹಂಗಾರ ನನ್ನ ತವರುಮನಿ ಆಂಧ್ರಕ್ಕ ಹೋತೇನ್ರಿ?"

ಕಟ್ಟೆಯವರು ನಕ್ಕರು. ಆಕೆ ಹುಟ್ಟಿದ್ದು ಚಿಂಚೋಳಿ ತಾಲೂಕಿನ ಸುಲೇಪೇಟದಲ್ಲಿ. ಸುಲೇಪೇಟ ಇದ್ದಲ್ಲೇ ಇತ್ತು. ಈ ಅಕ್ಕೋರಿಗೆ ದಿಕ್ಕು ತಿಳಿಯುವುದಿಲ್ಲ ಎಂದುಕೊಂಡರು. ದಿಕ್ಕು ತಿಳಿಯದವರು ಯಾರೆಂಬುದನ್ನು ಹೇಳಬೇಕಾದರೆ ಮೂರು ವರ್ಷ ಹಿಂದಕ್ಕೆ ಹೋಗಬೇಕು.

ಶರಣಬಸಮ್ಮನ ಅಪ್ಪ ಗುರುಲಿಂಗಯ್ಯ ಜಂಗಮರ ಮನೆಯಲ್ಲಿ ಹುಟ್ಟಿಯೂ ಜೋಳಿಗೆ ಬಿಟ್ಟು ಕತ್ತರಿ ಹಿಡಿದವನು. ಸುಲೇಪೇಟದ ಸಂತೆಯ ದಿನ ಅಂಗಡಿಗಳ ಸಾಲಿನಲ್ಲಿ ಮಶಿನ್ ಇಟ್ಟುಕೊಂಡು ಕುಬಸ ಹೊಲಿಯುತ್ತಿದ್ದ. ಗಂಡುಮಕ್ಕಳಿಲ್ಲ, ಇದ್ದವಳು ಇವಳೊಬ್ಬಳು. ಮಗ ಇಲ್ಲದ ಅಪ್ಪ ಮಗಳಿಗೇ ಎಲ್ಲ ಕಲಿಸಿದ. ಮದುವೆ ಮಾಡಿ ಕಳಿಸಿದ ಮರುವರ್ಷ ತೀರಿಕೊಂಡ. ಹೆಂಡತಿ ಅದಕ್ಕೂ ಮುಂಚೆಯೇ ಹೋಗಿದ್ದಳು. ಹಿಂದೆ ಉಳಿದದ್ದು ಒಂದು ಮಶಿನ್, ಒಂದು ಹಿತ್ತಾಳೆ ಹಿಡಿಯ ಕತ್ತರಿ. ಆ ಹಿಡಿಯಲ್ಲಿ ಗುರುಲಿಂಗಯ್ಯನ ಹೆಬ್ಬೆರಳು ಸವೆಸಿದ ಗುಳಿ ಇತ್ತು. ಶರಣಬಸಮ್ಮನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತುಕೊಳ್ಳುತ್ತಿತ್ತು.

ಗಂಡ ಮಡಿವಾಳಯ್ಯ ವಾಡಿ ಜಂಕ್ಷನ್ನಿನ ಮಾಲುಗೋದಾಮಿನಲ್ಲಿ ಕಾರಕೂನ. ಒಳ್ಳೆಯವನು, ಆದರೆ ಅಪ್ಪನ ಎದುರು ಬಾಯಿ ಬಿಡದವನು. ರಜೆಯ ದಿನ ಚಿತ್ತಾಪುರಕ್ಕೆ ಬಂದು ಉಂಡು, ಮಲಗಿ, ಮತ್ತೆ ಗಾಡಿ ಹತ್ತುತ್ತಿದ್ದ. ಮನೆ ನಡೆಸುವವರು ಮಾವ ರೇವಣಸಿದ್ದಯ್ಯನವರು. ಊರೆಲ್ಲ ಅವರ ಕಾಲಿಗೆ ಬೀಳುತ್ತಿತ್ತು. ಪಡಸಾಲೆಯಲ್ಲಿ ಕೂತು ಹಿತ್ತಾಳೆಯ ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ ತೀರ್ಪು ಕೊಡುವುದು ಅವರ ಪದ್ಧತಿ. 'ಕಚಕ್' ಎಂದು ಅಡಿಕೆ ಎರಡು ಹೋಳಾಯಿತೆಂದರೆ ತೀರ್ಪು ಮುಗಿದಂತೆ. ಮತ್ತೆ ಮಾತಿಲ್ಲ.

ಪಂಚಮಿ ಹತ್ತಿರ ಬಂದರೆ ಓಣಿಯ ಸೊಸೆಯರೆಲ್ಲ ಬಾಗಿಲ ಕಡೆ ಕಣ್ಣಿಟ್ಟಿರುತ್ತಿದ್ದರು. ಒಬ್ಬಳ ಅಣ್ಣ ಬರುತ್ತಿದ್ದ, ಇನ್ನೊಬ್ಬಳ ತಮ್ಮ ಬರುತ್ತಿದ್ದ. ಉಂಡಿಯ ಗಂಟು, ಕುಬಸದ ಕಣ, ಎತ್ತಿನ ಗಾಡಿ. ಓಣಿ ಖಾಲಿಯಾಗಿ ಶರಣಬಸಮ್ಮ ಒಬ್ಬಳೇ ಉಳಿಯುತ್ತಿದ್ದಳು. ಖಾಲಿ ಜೋಕಾಲಿಯಲ್ಲಿ ಕೂತು ತಾನೇ ಕಾಲಿನಿಂದ ನೂಕಿಕೊಳ್ಳುತ್ತಿದ್ದಳು. ಅದನ್ನು ಕಂಡು ಮಾವ ಪ್ರತಿ ವರ್ಷ ಹೇಳುವ ಮಾತು ಒಂದೇ: "ನಿನ್ನ ತವರಿಗಿ ಕಳಸಬಾರದಂತ ನನಗೇನು ಹಟ ಅದ? ಕರಿಯಾಕ ಬಂದ್ರ ಕೈ ಮುಗದು ಕಳಸ್ತೀನಿ." ಬರುವವರು ಯಾರೂ ಇಲ್ಲ ಎಂದು ಗೊತ್ತಿದ್ದರೆ ಎಂಥವನೂ ದಾನಶೂರನೇ.

೧೯೫೩ರ ಬೇಸಿಗೆಯಲ್ಲಿ ಊರಿನ ಹೆಣ್ಣುಮಕ್ಕಳ ಶಾಲೆಗೆ ಹೊಲಿಗೆ ಕಲಿಸುವವರು ಬೇಕೆಂದು ಸರ್ಕಾರದ ಕಾಗದ ಬಂತು. ಮೊದಲು ಹೈದರಾಬಾದಿನಲ್ಲಿ ಒಂದು ದಿನದ ಪರೀಕ್ಷೆ. ಪಾಸಾದರೆ ಅಲ್ಲೇ ಆರು ತಿಂಗಳ ತಾಲೀಮು. ಆಮೇಲೆ ನೌಕರಿ. ಶರಣಬಸಮ್ಮ ಅರ್ಜಿ ಹಾಕಿಸಿದಳು. ಪರೀಕ್ಷೆಗೆ ಕರೆ ಬಂದಾಗ ಮಡಿವಾಳಯ್ಯನಿಗೆ ರಜೆ ಸಿಗಲಿಲ್ಲ. ಮಾವನಿಗೆ ಮಂಡಿನೋವು. ಹೋಗುವುದಾದರೆ ಒಬ್ಬಳೇ ಹೋಗಬೇಕು.

ಮೂರು ದಿನ ಮನೆಯಲ್ಲಿ ಅಡಿಕೆಯ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ನಾಲ್ಕನೇ ದಿನ ರೇವಣಸಿದ್ದಯ್ಯ ಬಾಯಿ ಬಿಟ್ಟರು.

"ಹೋಗವ್ವ. ಆದ್ರ ಹೋದಾಕಿ ಹೋದಂಗ ತಿರುಗಿ ಬರಬೇಕು. ಗಂಟಿನಾಗಿನ ಒಂದು ಸೂಜಿ ಕಳಕೊಂಡು ಬಂದ್ರೂ ಆ ಊರು ಒಬ್ಬಾಕಿ ಹೆಣ್ಮಗಳಿಗಿ ಅಲ್ಲ ಅಂತ ಅರ್ಥ. ಆಮ್ಯಾಗ ಆರು ತಿಂಗಳ ಮಾತು ಎತ್ತಬಾರದು. ಮಶಿನ್ ಅಟ್ಟಕ್ಕ ಏರ್ತದ."

ಕಚಕ್.

ಅತ್ತೆ ಭಾಗಮ್ಮ ವಾಡಿಯಿಂದ ಆಚೆ ಕಾಲಿಟ್ಟವರಲ್ಲ. ಆದ್ದರಿಂದ ಹೈದರಾಬಾದಿನ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. "ಯಾರು ನೀರು ಕೊಟ್ರೂ ಕುಡೀಬ್ಯಾಡ. ಚಾರ್‌ಮಿನಾರ ಕಂಡ್ರ ಮ್ಯಾಲ ನೋಡಬ್ಯಾಡ, ಕತ್ತು ಮ್ಯಾಲ ಮಾಡಿದಾಕಿ ಗಂಟು ಕೆಳಗೇ ಹೋಗ್ತದಂತ. ನಮ್ಮೂರಾವ ಅಂತ ಯಾವನರೆ ಬಂದ್ರ ಅವನ ಮಾರಿ ನೋಡಬ್ಯಾಡ. ನಮ್ಮೂರಾವ ನಮ್ಮೂರಾಗ ಇರ್ತಾನ, ಅಲ್ಲಿ ಯಾಕ ಇರ್ತಾನ?" ಎಂದರು. ಕೊನೆಯ ಮಾತು ಬಂಗಾರದಂಥದ್ದು. ಆದರೆ ಅತ್ತೆಯ ಮಾತಿನಲ್ಲಿ ಬಂಗಾರ ಹುಡುಕುವ ಸೊಸೆ ಯಾವಳು?

ಶರಣಬಸಮ್ಮ ತನ್ನ ಕಸುಬಿನ ದಾರಿಯಲ್ಲೇ ತಯಾರಿ ಮಾಡಿಕೊಂಡಳು. ಕುಬಸದ ಒಳಗೆ ಒಂದು ಜೇಬು ಹೊಲಿದಳು. ಸೀರೆಯ ಸೆರಗು ಹೆಗಲ ಮೇಲಿಂದ ಬೆನ್ನಿಗೆ ಇಳಿಯುವ ಕಡೆ, ಅಂಚಿನ ಒಳಗೆ ಒಂದು ಪಟ್ಟಿ ಕೊಟ್ಟು, ಅದರಲ್ಲಿ ಎಂಟು ಸೂಜಿ ಸಾಲಾಗಿ ಕೂರಿಸಿದಳು. ಮೊನೆಗಳೆಲ್ಲ ಹೊರಗೆ. ನೋಡಿದರೆ ಕಾಣುವುದಿಲ್ಲ, ಮುಟ್ಟಿದವನಿಗೆ ಮಾತ್ರ ತಿಳಿಯುತ್ತದೆ.

ಕಾರಹುಣ್ಣಿಮೆ ಮುಗಿದ ವಾರ ಗಾಡಿ ಹತ್ತಿದಳು. ಜನಾನಾ ಡಬ್ಬಿಯಲ್ಲಿ ಹೆಂಗಸರೇ ತುಂಬಿದ್ದರು. ಸೇಡಂನಲ್ಲಿ ಸೂಗಮ್ಮ ಎಂಬ ಬಳೆಗಾರ್ತಿ ಹತ್ತಿ ಪಕ್ಕದಲ್ಲಿ ಕೂತಳು. ಬಳೆ ತರಲು ಇಪ್ಪತ್ತು ವರ್ಷದಿಂದ ಒಬ್ಬಳೇ ಹೈದರಾಬಾದಿಗೆ ಓಡಾಡಿದವಳು. ಈ ಸಲ ತಾಂಡೂರಿನಲ್ಲಿ ಮಗಳ ಬಾಣಂತನ, ಅಲ್ಲಿಗೇ ಇಳಿಯುವುದಿತ್ತು. ಇಳಿಯುವ ಮೊದಲು ಈ ಹೊಸಬಳಿಗೆ ಮೂರು ಮಾತು ಕಟ್ಟಿಕೊಟ್ಟಳು.

"ನೋಡವ್ವ, ದಾರಿ ಗೊತ್ತಿರಲಿ ಬಿಡಲಿ, ಗೊತ್ತಿದ್ದಾಕಿ ಹಂಗ ನಡಿ. ಕೇಳಲೇಬೇಕಂದ್ರ ಅಂಗಡಿ ಬಿಟ್ಟು ಏಳಲಾರದವನ್ನ ಕೇಳು, ಅವ ನಿನ್ನ ಬೆನ್ನು ಹತ್ತಂಗಿಲ್ಲ. ಇನ್ನ ತಾನಾಗೇ ಬಂದು ಸಹಾಯ ಮಾಡ್ತೀನಿ ಅಂದಾವಗ ಮೊದಲ ನೀನೇ ಒಂದು ಕೆಲಸ ಹಚ್ಚು. ಖರೇ ಮನಷ್ಯಾ ಇದ್ರ ಮಾಡ್ತಾನ. ಲಫಂಗ ಇದ್ರ ಓಡ್ತಾನ. ಹ್ಯಾಂಗಾದ್ರೂ ನಿನಗೇ ಲಾಭ."

ಶರಣಬಸಮ್ಮ ಮೂರನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ನಾಂಪಲ್ಲಿಯಲ್ಲಿ ಇಳಿದಾಗ ಅವಳು ಕಂಡದ್ದು ಊರಲ್ಲ, ಜನ. ಸುಲೇಪೇಟದ ಸಂತೆ, ಚಿತ್ತಾಪುರದ ಸಂತೆ ಎರಡನ್ನೂ ಒಂದೇ ಬಾಗಿಲಲ್ಲಿ ತುರುಕಿದಂತೆ ಇತ್ತು. ಗಂಟು ಕಂಕುಳಲ್ಲಿ ಇಟ್ಟು, ಗೊತ್ತಿದ್ದವಳ ಹಾಗೆ ನಡೆದಳು. ಹತ್ತು ಹೆಜ್ಜೆಗೆ ಹಿಂದಿನಿಂದ ಒಬ್ಬ "ಯಾ ಅಲ್ಲಾ!" ಎಂದು ಕೂಗಿದ. ತಿರುಗಿದರೆ ಶೇರ್ವಾನಿ ತೊಟ್ಟ ದಪ್ಪ ಮನುಷ್ಯ ಅಂಗೈ ಚೀಪುತ್ತಿದ್ದ. ಇನ್ನೂ ಹತ್ತು ಹೆಜ್ಜೆಗೆ ಮತ್ತೊಬ್ಬ "ಅಯ್ಯೋ ರಾಮಾ!" ಎಂದ. ಅವನ ಹಣೆಯಲ್ಲಿ ಉದ್ದ ನಾಮ. ಆ ಊರಿನ ಕೈಗಳಿಗೆ ಜಾತಿಭೇದ ಇಲ್ಲ ಎಂಬುದು ಎರಡು ಸೂಜಿಯಲ್ಲೇ ತಿಳಿಯಿತು. ಶರಣಬಸಮ್ಮ ಮುಖ ಚಿಕ್ಕದು ಮಾಡಿ, "ಏನ್ರಿ, ಹುಳ ಕಡೀತೇನ್ರಿ?" ಎಂದು ಕೇಳಿ ಮುಂದೆ ನಡೆದಳು.

ಬಾಗಿಲು ದಾಟುವುದರೊಳಗೆ ಒಬ್ಬ ಹುಡುಗನಂಥ ಗಂಡಸು ಎದುರು ಬಂದ. ಎಣ್ಣೆ ಹಚ್ಚಿ ಬಾಚಿದ ತಲೆ, ಕೊರಳಲ್ಲಿ ಬಣ್ಣದ ಕರವಸ್ತ್ರ, ಮುಖದ ತುಂಬ ನಗೆ.

"ಅಕ್ಕಾ, ಚಿತ್ತಾಪುರ ಕಡಿಯಾರೇನ್ರಿ? ಮಾತು ಕೇಳಿದ್ಕೂಡ್ಲೇ ಗೊತ್ತಾತು. ನಾ ಶಹಾಬಾದದಾವ, ಗೊಲ್ಲಾಳಪ್ಪ. ಕೊಡ್ರಿ ಗಂಟು, ಭಾಳ ವಜ್ಜಿ ಅದ. ಎಲ್ಲಿಗಿ ಹೊಂಟೀರಿ?"

ಅವಳು ಹೂಂ ಅನ್ನುವ ಮೊದಲೇ ಗಂಟು ಅವನ ಹೆಗಲೇರಿತ್ತು. ಬಿಟ್ಟರೆ ಗಂಟು ಹೋಗುತ್ತದೆ, ಹಿಡಿದರೆ ಜನ ಸೇರುತ್ತಾರೆ. ಗಂಟಿನ ಒಂದು ತುದಿ ಬಿಡದೆ ಹಿಡಿದುಕೊಂಡೇ ನಡೆದಳು. ಮಠದ ಧರ್ಮಶಾಲೆಗೆ ಎಂದಳು.

"ಅಯ್ಯ, ಅದಕ್ಕ ಬೀಗ ಬಿದ್ದು ತಿಂಗಳಾತಲ್ರಿ! ಚಿಂತಿ ಮಾಡಬ್ಯಾಡ್ರಿ, ನಂಗೊತ್ತಿದ್ದ ಒಂದು ಛಲೋ ಮನಿ ಅದ. ಈ ಊರಾಗ ನಮ್ಮ ಕಡಿ ಹೆಣ್ಮಕ್ಕಳಿಗಿ ನಾನೇ ತಮ್ಮ ಇದ್ದಂಗ."

ಇದೇ ಅವನು ಮಾಡಿದ ತಪ್ಪು. ಇಡೀ ಹೈದರಾಬಾದಿನಲ್ಲಿ ಬೇರೆ ಯಾವ ಹೆಂಗಸಿಗಾದರೂ ಆ ಮಾತು ಹೇಳಬಹುದಿತ್ತು. ಪಂಚಮಿ ನಲವತ್ತು ದಿನ ಇರುವಾಗ, ಒಡಹುಟ್ಟಿದವರಿಲ್ಲದ ನಮ್ಮ ಕಡೆಯ ಹೆಣ್ಣುಮಗಳಿಗೆ ಹೇಳಬಾರದಿತ್ತು.

ಶರಣಬಸಮ್ಮ ನಿಂತಲ್ಲೇ ನಿಂತಳು. ಸೂಗಮ್ಮನ ಮೂರನೇ ಮಾತು ನೆನಪಾಯಿತು. ಜೊತೆಗೆ ಎಷ್ಟೋ ವರ್ಷದ ಖಾಲಿ ಜೋಕಾಲಿಯೂ ನೆನಪಾಯಿತು. ಹಾಗಾಗಿ ಕಣ್ಣಿಗೆ ಬಂದ ನೀರಿನಲ್ಲಿ ಅರ್ಧ ನಾಟಕ, ಅರ್ಧ ಖರೇ.

"ತಮ್ಮ ಅಂದ್ಯಾ? ಇನ್ನೊಮ್ಮಿ ಅನ್ನು!" ಎಂದು ಟೇಸನ್ನಿನ ಎದುರು ನಿಂತ ಟಾಂಗಾಗಳಿಗೆಲ್ಲ ಕೇಳುವ ಹಾಗೆ ಕೂಗಿದಳು. "ನೋಡ್ರಿ ನೋಡ್ರಿ, ನನ್ನ ತಮ್ಮ ಸಿಕ್ಕ! ನಂಗ ಒಡಹುಟ್ಟಿದಾವ ಇಲ್ಲಂತ ಅತ್ತಿದ್ದೆ, ನನ್ನಪ್ಪ ಶಿವ ಟೇಸನ್ನಿನಾಗ ತಂದು ನಿಂದರಿಸ್ಯಾನ. ನಡಿ ತಮ್ಮಾ, ಉಡಿ ತುಂಬು. ಅಕ್ಕನ್ನ ಬರಿಗೈಲೆ ಕಳಸ್ತಿಯೇನು?"

ಉಡಿ ತುಂಬುವುದೆಂದರೆ ತವರಿನವರು ಹೆಣ್ಣುಮಗಳ ಸೆರಗಿಗೆ ಕುಬಸದ ಕಣ, ಅಕ್ಕಿ, ಕಾಯಿ, ಉತ್ತತ್ತಿ, ಅರಿಶಿನಬೇರು ಹಾಕಿ ಕಳಿಸುವುದು. ಉಡಿ ತುಂಬಿದ ಮನೆಯೇ ತವರು. ಉಡಿ ಒಡ್ಡಿದ ಹೆಣ್ಣಿನ ಕಣ್ಣೀರಿಗೆ ಕಾರಣನಾದವನ ಮನೆಯಲ್ಲಿ ದೀಪ ಹತ್ತುವುದಿಲ್ಲ ಎಂದು ಶಹಾಬಾದಿನ ಎಳೆಗೂಸಿಗೂ ಗೊತ್ತು. ಗೊಲ್ಲಾಳಪ್ಪನಿಗೂ ಗೊತ್ತಿತ್ತು. ಅವನ ನಗೆ ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು.

"ಅಕ್ಕಾ, ಆಮ್ಯಾಗ ನೋಡೋಣಂತ..." ಎಂದು ಗಂಟು ಇಳಿಸಿ ಜಾರಲು ನೋಡಿದ. ಅಷ್ಟರಲ್ಲಿ ಮೆಹಂದಿ ಗಡ್ಡದ ಒಬ್ಬ ಮುದುಕ ಟಾಂಗಾ ಅಡ್ಡ ತಂದು ನಿಲ್ಲಿಸಿದ. ಅಬ್ದುಲ್ ಗನಿ. ಮೂವತ್ತು ವರ್ಷದಿಂದ ಅಲ್ಲೇ ನಿಲ್ಲುವವನು. ಗೊಲ್ಲಾಳಪ್ಪನ ಆಟಗಳನ್ನು ದಿನವೂ ನೋಡಿ ಹಲ್ಲು ಕಡಿಯುತ್ತಿದ್ದವನು. ಇಂಥ ದಿನಕ್ಕೆ ಎಷ್ಟು ಕಾಲದಿಂದ ಕಾದಿದ್ದನೋ.

"ಅರೇ ಭಾಯಿ," ಎಂದ, ತನಗೆ ಬಂದಷ್ಟು ಕನ್ನಡ ಕೂಡಿಸಿ, "ಬೆಹೆನ್ ಕೇಳ್ಲಿಕತ್ತಾಳ, ಭಾಯಿ ಓಡ್ಲಿಕತ್ತಾನ? ಹತ್ತು. ಇಬ್ಬರೂ ಹತ್ತರಿ. ಬಜಾರಕ್ಕ ಬಾಡಿಗಿ ಬ್ಯಾಡ ನಂಗ."

ಸುತ್ತ ಹತ್ತು ಟಾಂಗಾದವರು ನಗುತ್ತ ನಿಂತಿದ್ದರು. ಗೊಲ್ಲಾಳಪ್ಪ ಹತ್ತಿದ.

ಸುಲ್ತಾನ್ ಬಜಾರಿನಲ್ಲಿ ಕಣದ ಅಂಗಡಿಯವ ಅಗ್ಗದ ಬಟ್ಟೆ ಮುಂದೆ ಹಾಕಿದ. ಶರಣಬಸಮ್ಮ ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಇದು ಒಗದ್ರ ಬಣ್ಣ ಬಿಡ್ತದ. ನನ್ನ ತಮ್ಮನ ಮರ್ಯಾದಿ ಏನಾಗಬೇಕು?" ಎಂದು ರೇಷ್ಮೆ ಅಂಚಿನದು ತೆಗೆಸಿದಳು. ದುಡ್ಡು ಎಣಿಸಿ ಕೊಟ್ಟ ತಮ್ಮನ ಮುಖ ಹುಳ್ಳಗಾಯಿತು. ಕಾಯಿ ಆರಿಸಿದಳು, ಉತ್ತತ್ತಿ ಆರಿಸಿದಳು, ಒಂದು ಹುಳುಕೆಂದು ತಿರುಗಿ ಕೊಟ್ಟಳು. ಪಕ್ಕದ ಹೂವಿನ ಮುದುಕಿಯನ್ನು ಕರೆದು ಕುಂಕುಮ ಹಚ್ಚಿಸಿಕೊಂಡಳು. ಸೆರಗು ಒಡ್ಡಿ ನಿಂತಳು. ಗೊಲ್ಲಾಳಪ್ಪ ತನ್ನ ಕೈಯಾರೆ ಕಾಯಿ ಹಾಕಬೇಕಾಯಿತು. ಹಾಕುವಾಗ ಅವನು ಮುಖ ಆ ಕಡೆ ತಿರುಗಿಸಿದ. ಅವಳು ಅದನ್ನು ನೋಡಿದಳು, ನಾಚಿಕೆ ಎಂದುಕೊಂಡಳು.

"ನಿನ್ನ ಹೊಟ್ಟಿ ತಣ್ಣಗಿರಲಿ ತಮ್ಮಾ," ಎಂದಳು. "ಚಿತ್ತಾಪುರದಾಗ ರೇವಣಸಿದ್ದಯ್ಯನವರ ಮನಿ ಅಂದ್ರ ಯಾರೂ ತೋರಸ್ತಾರ. ಪಂಚಮಿಗಿ ಕರಿಯಾಕ ಬಾ. ದಾರಿ ನೋಡ್ತೀನಿ."

ಅವನು ಜನರೊಳಗೆ ಕರಗಿಹೋದ. ಅಬ್ದುಲ್ ಗನಿ ಧರ್ಮಶಾಲೆ ಮುಟ್ಟುವವರೆಗೂ ನಕ್ಕ. ಬೀಗ ಬಿದ್ದಿದೆ ಎಂದು ತಮ್ಮ ಹೇಳಿದ್ದ ಧರ್ಮಶಾಲೆಯ ಬಾಗಿಲು ಹಾಗೇ ತೆರೆದಿತ್ತು. ಒಳಗೆ ನಾಲ್ಕು ಸಂಸಾರ ರೊಟ್ಟಿ ಬಡಿಯುತ್ತಿದ್ದವು.

ತನ್ನ ಜಾಣತನಕ್ಕೆ ತಾನೇ ಹಿಗ್ಗುತ್ತ ಶರಣಬಸಮ್ಮ ಗಂಟು ಬಿಚ್ಚಿದಳು. ದಾರದ ಉಂಡೆ ಇತ್ತು. ಅಳತೆಯ ಪಟ್ಟಿ ಇತ್ತು. ಸೀಮೆಸುಣ್ಣ ಇತ್ತು. ಕತ್ತರಿ ಇರಲಿಲ್ಲ.

ಗಂಟನ್ನು ಮೂರು ಸಲ ಝಾಡಿಸಿದಳು. ಆಮೇಲೆ ತಿಳಿಯಿತು. ಉಡಿ ಕೇಳುವುದಕ್ಕೆ ಮುಂಚೆಯೇ, ಟೇಸನ್ನಿನ ಗದ್ದಲದಲ್ಲಿ, ಗಂಟು ಅವನ ಹೆಗಲ ಮೇಲಿದ್ದ ಆ ಒಂದಿಷ್ಟು ಹೊತ್ತಿನಲ್ಲೇ ಕೆಲಸ ಮುಗಿದಿತ್ತು. ಅವಳು ಆರಿಸಿ ಆರಿಸಿ ಕಾಯಿ ಕೊಳ್ಳುವಾಗ ಅಪ್ಪನ ಕತ್ತರಿ ತಮ್ಮನ ಹತ್ತಿರವೇ ಇತ್ತು. ನಕ್ಕ ಬಾಯಿಯಲ್ಲೇ ಅತ್ತಳು. ಕತ್ತರಿ ಹೋಯಿತು ಎಂದಲ್ಲ, ಆ ಹಿಡಿಯ ಗುಳಿ ಹೋಯಿತು ಎಂದು ಅತ್ತಳು. ಒಂದು ಸೂಜಿ ಕಳೆದರೂ ಆರು ತಿಂಗಳ ಮಾತಿಲ್ಲ ಎಂದ ಮಾವನ ಅಡಕೊತ್ತಿನ ಸದ್ದು ರಾತ್ರಿಯೆಲ್ಲ ಕಿವಿಯಲ್ಲಿತ್ತು.

ಮರುದಿನ ಪರೀಕ್ಷೆಯಲ್ಲಿ ಬಟ್ಟೆ ಕೊಟ್ಟು ಕುಬಸ ಕತ್ತರಿಸಿ ಹೊಲಿಯಿರಿ ಎಂದರು. ಶರಣಬಸಮ್ಮ ಬಟ್ಟೆಯ ಒಂದು ಎಳೆ ಹಿಡಿದು ಜಗ್ಗಿ ತೆಗೆದಳು. ಎಳೆ ಹೋದ ಗೆರೆಯ ಮೇಲೆ ಹಲ್ಲಿನಿಂದ ಒಂದು ಕಚ್ಚು ಹಾಕಿ ಪರ್ರನೆ ಹರಿದಳು. ಕೂದಲೆಳೆಯಷ್ಟೂ ಸೊಟ್ಟ ಬರಲಿಲ್ಲ. ಕೊರಳಿಗೆ, ಕಂಕುಳಿಗೆ ಮಾತ್ರ ಪಕ್ಕದವಳ ಕತ್ತರಿ ಎರಡು ನಿಮಿಷ ಬೇಡಿದಳು. ಪರೀಕ್ಷೆ ಮಾಡುವ ಮುದುಕಮ್ಮ ಬಂದು ಕನ್ನಡಕ ಏರಿಸಿ, ನಿನ್ನ ಕತ್ತರಿ ಎಲ್ಲಿ ಎಂದು ಉರ್ದುವಿನಲ್ಲಿ ಕೇಳಿದಳು. ಕಳುವಾಯಿತು ಅನ್ನಲು ಶರಣಬಸಮ್ಮನಿಗೆ ನಾಲಿಗೆ ಏಳಲಿಲ್ಲ. "ತಮ್ಮನ ಹತ್ರ ಅದ ರೀ," ಎಂದುಬಿಟ್ಟಳು.

ಒಮ್ಮೆ ಆಡಿದ ಸುಳ್ಳು ಎರಡನೇ ಸಲಕ್ಕೆ ತಾನಾಗಿಯೇ ಬರುತ್ತದೆ. ಊರಿಗೆ ಬಂದ ದಿನ ರೇವಣಸಿದ್ದಯ್ಯ ಪಡಸಾಲೆಯಲ್ಲಿ ಗಂಟು ಬಿಚ್ಚಿಸಿ ಒಂದೊಂದೇ ನೋಡಿದರು. ಸುಂಕದ ನಾಕೆಯ ಜವಾನ ಕೂಡ ಅಷ್ಟು ಮುತುವರ್ಜಿಯಿಂದ ನೋಡುತ್ತಿರಲಿಲ್ಲ.

"ಕತ್ತರಿ?"

"ತಮ್ಮನ ಹತ್ರ ಇಟ್ಟು ಬಂದೀನ್ರಿ ಮಾವಾರ."

"ಯಾವ ತಮ್ಮ?"

"ಹೈದರಾಬಾದಿನಾಗ ಒಬ್ಬ ಇದ್ದಾನ್ರಿ. ಉಡಿ ತುಂಬ್ಯಾನ." ರೇಷ್ಮೆ ಅಂಚಿನ ಕಣ ತೆಗೆದು ತೋರಿಸಿದಳು.

ಭಾಗಮ್ಮ ಕಣ ಮುಟ್ಟಿ ನೋಡಿ, "ಖರೇನೇ ತವರಿಂದು, ಕೊಂಡಿದ್ದಲ್ಲ. ನಮ್ಮ ಸೊಸಿ ಸ್ವಂತ ದುಡ್ಡಿನಾಗ ಇಷ್ಟು ಛಲೋದು ತಗೊಳ್ಳಾಕಿ ಅಲ್ಲ," ಎಂದರು. ಮಾವ ಅಡಕೊತ್ತಿನ ಬಾಯಲ್ಲಿ ಅಡಿಕೆ ಇಟ್ಟು ಸೊಸೆಯ ಮುಖ ನೋಡಿದರು. ಸುಳ್ಳು ಅವರಿಗೆ ವಾಸನೆಯಲ್ಲೇ ತಿಳಿಯುತ್ತಿತ್ತು.

"ಛಲೋ ಆತು. ಪಂಚಮಿಗಿ ಕರಿಯಾಕ ಬರಲಿ, ಕತ್ತರಿ ತರಲಿ. ಬಂದ್ರ ಕೈ ಮುಗದು ಕಳಸ್ತೀನಿ, ಆರು ತಿಂಗಳು ಅಲ್ಲೇ ತವರಾಗ ಇದ್ದು ಕಲ್ತು ಬಾ. ಬರಲಿಲ್ಲಂದ್ರ ಮಶಿನ್ ಅಟ್ಟಕ್ಕ."

ಕಚಕ್.

ಪಾಸಾದ ಕಾಗದ ಬಂತು. ಪಂಚಮಿ ಮುಗಿದ ಮೂರನೇ ದಿನ ತಾಲೀಮಿಗೆ ಹಾಜರಾಗಬೇಕು. ಶರಣಬಸಮ್ಮ ಆ ಕಾಗದವನ್ನು ದೇವರ ಗೂಡಿನಲ್ಲಿಟ್ಟು ದಿನ ಎಣಿಸಿದಳು. ಕರೆಯಲಿಕ್ಕೆ ಯಾರು ಬರಬೇಕು? ಕಳ್ಳನೇ? ವಿಳಾಸ ಗೊತ್ತಿಲ್ಲ, ಕಾಗದ ಬರೆಯುವಂತಿಲ್ಲ. ಗೊತ್ತಿದ್ದರೂ ಏನೆಂದು ಬರೆಯಬೇಕು? ಮಡಿವಾಳಯ್ಯ ರಜೆಗೆ ಬಂದಾಗ ಎಲ್ಲವನ್ನೂ ಹೇಳಿಕೊಂಡಳು. ಅವನು ಬಹಳ ಯೋಚಿಸಿ, "ವಾಡ್ಯಾಗ ಹೊಸಾ ಕತ್ತರಿ ಸಿಗ್ತದ," ಎಂದ. ಪಾಪ, ಅವನಿಂದ ಅಷ್ಟೇ ಆಗುತ್ತಿತ್ತು. ಅಪ್ಪನ ಗುಳಿ ವಾಡಿಯಲ್ಲಿ ಸಿಗುವುದಿಲ್ಲ.

ಪಂಚಮಿಯ ಹಿಂದಿನ ದಿನ, ರೊಟ್ಟಿ ಹಬ್ಬ. ಓಣಿಯ ಸೊಸೆಯರು ಒಬ್ಬೊಬ್ಬರೇ ಹೊರಟುಹೋದರು. ಮಧ್ಯಾಹ್ನ ಮಾವ ಮಶಿನ್ನಿನ ಪಟ್ಟಾ ಬಿಚ್ಚಿ ಸುತ್ತಿಟ್ಟರು. ಅಟ್ಟಕ್ಕೆ ಏಣಿ ಹಚ್ಚಿಸಿದರು. ಶರಣಬಸಮ್ಮ ಅಡುಗೆಮನೆಯಲ್ಲಿ ಹೊಗೆಯ ನೆವ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ರೇವಣಸಿದ್ದಯ್ಯನವರ ಮನಿ ಇದೇ ಏನ್ರಿ?" ಎಂದು ಹೊರಗೆ ದನಿ ಕೇಳಿತು.

ಹೊಸ ರುಮಾಲು, ತೊಳೆದ ಧೋತರ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಉಂಡಿಯ ಗಂಟು. ಗೊಲ್ಲಾಳಪ್ಪ ಅಂಗಳದಲ್ಲಿ ನಿಂತಿದ್ದ.

ಶರಣಬಸಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಅವನನ್ನು ಕಂಡಳು. ಇವನು ಬಾಯಿ ತೆರೆದು 'ಕದ್ದಿದ್ದೆ, ತಪ್ಪಾಯಿತು' ಎಂದರೆ ಮುಗಿಯಿತು, ಮಶಿನ್ ಅಟ್ಟಕ್ಕೇ. ಒಂದೇ ನೆಗೆತಕ್ಕೆ ಪಡಸಾಲೆ ದಾಟಿದಳು.

"ಬಂದ್ಯಾ ತಮ್ಮಾ! ಅವತ್ತು ನಾ ನಿನ್ನ ಹತ್ರ ಇಟ್ಟು ಬಂದ ಕತ್ತರಿ ತಂದ್ಯೋ, ಮರ್ತು ಬಂದ್ಯೋ?"

ಗೊಲ್ಲಾಳಪ್ಪ ಒಂದು ಸಲ ಕಣ್ಣು ಮಿಟುಕಿಸಿದ. ಸುಳ್ಳಿನಲ್ಲೇ ಅನ್ನ ಉಂಡವನಿಗೆ ಅಷ್ಟು ಸಾಕು.

"ಮರೀತೀನೇನಕ್ಕಾ? ಜ್ವಾಪಾನ ಮಾಡು ಅಂತ ಕೊಟ್ಟಿದ್ದಿ. ಸಾಣಿ ಹಿಡಿಸಿ ತಂದೀನಿ."

ಕತ್ತರಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೊಟ್ಟ. ಹಿತ್ತಾಳೆ ಹಿಡಿ ಫಳಫಳ ಹೊಳೆಯುತ್ತಿತ್ತು. ಶರಣಬಸಮ್ಮ ಹೆಬ್ಬೆರಳಿಟ್ಟು ನೋಡಿದಳು. ಗುಳಿ ಅಲ್ಲೇ ಇತ್ತು.

ರೇವಣಸಿದ್ದಯ್ಯ ಅವನನ್ನು ಎದುರು ಕೂರಿಸಿಕೊಂಡರು. "ಏನ್ ಕೆಲಸ ಮಾಡ್ತೀಯಪ್ಪ?"

"ಟೇಸನ್ನಿನಾಗ ಮಂದಿ ಸಾಮಾನು ನೋಡ್ಕೊಳ್ತೀನ್ರಿ."

"ಯಾವ ಮಂದಿ ನೀವು?" ಎಂದು ಕುಲದ ಕಡೆ ಹೊರಟರು. ಭಾಗಮ್ಮ ಒಳಗಿಂದ ತಂಬಿಗೆ ಕುಕ್ಕಿ, "ದಿನಾ ಬಸವಣ್ಣನ ಹೆಸರು ತಗೊಂಡು ಉಣ್ತೀರಿ, ಹಬ್ಬದ ದಿನ ಸೊಸಿ ತಮ್ಮಗ ಕುಲ ಕೇಳ್ತೀರೇನ್ರಿ? ಬಾರಪ್ಪ, ಕೈಕಾಲು ತೊಳಕೋ," ಎಂದರು. ಆ ಮನೆಯಲ್ಲಿ ಅಡಕೊತ್ತಿಗಿಂತ ಮೇಲಿನ ಕೋರ್ಟು ಒಂದಿತ್ತು ಎಂಬುದು ಅವತ್ತು ತಿಳಿಯಿತು.

ಹಿತ್ತಲಲ್ಲಿ ನೀರು ಹಾಕುವಾಗ ಶರಣಬಸಮ್ಮ ಮೆಲ್ಲಗೆ ಕೇಳಿದಳು. "ಯಾಕ ಬಂದಿ?"

ಅವನು ಕಾಲು ತೊಳೆಯುತ್ತಲೇ ಇದ್ದ. ತೊಳೆದ ಕಾಲನ್ನೇ ಮತ್ತೆ ತೊಳೆದ. "ಉಡ್ಯಾಗ ಕಾಯಿ ಹಾಕುವಾಗ ಕತ್ತರಿ ನನ್ನ ನಡುವಿನಾಗೇ ಇತ್ತಕ್ಕಾ. ಆವಾಗೇ ಚುಚ್ಚಿತು. ನಂಗೂ ಒಬ್ಬಾಕಿ ಅಕ್ಕ ಇದ್ಳು. ರಜಾಕಾರರ ಗದ್ದಲದಾಗ ಊರು ಬಿಟ್ಟು ಓಡಿದ್ವಿ, ಕ್ಯಾಂಪಿನಾಗ ಜ್ವರ ಬಂದು ಸತ್ಳು. ಅವತ್ತಿನಿಂದ ಪಂಚಮಿಗಿ ಬಾ ಅಂದಾಕಿ ನೀನೊಬ್ಬಾಕಿ. ಮಾರಾಕಂತ ಎರಡು ಸಲ ಬಜಾರಕ್ಕ ಒಯ್ದೆ. ಕೈ ಬರಲಿಲ್ಲ."

ಶರಣಬಸಮ್ಮ ಈ ಸಲ ಹೊಗೆಯ ನೆವ ಮಾಡಲಿಲ್ಲ, ನೇರವಾಗಿಯೇ ಅತ್ತಳು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, "ಎರಡು ಸಲ ಒಯ್ದಿದ್ಯಾ ಭಾಡ್ಯಾ?" ಎಂದು ಒಂದು ಚೊಂಬು ತಣ್ಣೀರು ತಲೆಯ ಮೇಲೆ ಸುರಿದಳು.

ಮರುದಿನ ಹುತ್ತಕ್ಕೆ ಹಾಲೆರೆದರು. ಗೊಲ್ಲಾಳಪ್ಪ ಜೋಕಾಲಿ ನೂಕಿದ. ಶರಣಬಸಮ್ಮ ಬೇವಿನ ಮರದ ಟೊಂಗೆ ಮುಟ್ಟುವಷ್ಟು ಮೇಲೆ ಹೋಗಿ ಬಂದಳು. ಹಬ್ಬ ಮುಗಿದ ಮರುದಿನ ಮಶಿನ್ನಿಗೆ ಪಟ್ಟಾ ಹಾಕಿ, ಗೋಣಿಯಲ್ಲಿ ಸುತ್ತಿ, ಮನೆಮಂದಿಯೆಲ್ಲ ಟೇಸನ್ನಿಗೆ ಬಂದರು. ಮಂಡಿನೋವಿನ ಮಾವನೂ ಕೋಲು ಊರಿಕೊಂಡು ಬಂದರು. ವಾಡಿ ಕಡೆಯಿಂದ ಗಾಡಿ ಬಂದು ನಿಂತಿತು. ಶರಣಬಸಮ್ಮ ಜನಾನಾ ಡಬ್ಬಿ ಹತ್ತಿ ಕಿಟಕಿಯಲ್ಲಿ ಕೂತಳು. ಗೊಲ್ಲಾಳಪ್ಪ ಮಾವನ ಕಾಲಿಗೆ ಬಿದ್ದು ಎದ್ದ.

ರೇವಣಸಿದ್ದಯ್ಯ ಅವನ ಮುಂದೆ ಅಂಗೈ ಚಾಚಿದರು.

"ತಮ್ಮಾ, ನನ್ನ ಅಡಕೊತ್ತು ಕೊಡು."

ಕಿಟಕಿಯಲ್ಲಿ ಕೂತಿದ್ದ ಶರಣಬಸಮ್ಮನಿಗೂ ಆ ಮಾತು ಕೇಳಿಸಿತು. ಮುಗಿಯಿತು, ಇಳಿಯಬೇಕು ಎಂದುಕೊಂಡು ಗಂಟಿಗೆ ಕೈ ಹಾಕಿದಳು. ಗೊಲ್ಲಾಳಪ್ಪ ಕಿವಿಯವರೆಗೂ ಕೆಂಪಾಗಿ ನಡುವಿನಿಂದ ಹಿತ್ತಾಳೆಯ ಅಡಕೊತ್ತು ತೆಗೆದು ಕೊಟ್ಟ.

"ಕೈ ಚಟ ರೀ... ತಿರುಗಿ ಇಡಾಂವನೇ ಇದ್ದೆ..."

"ಗೊತ್ತದ. ನೀ ಬಂದ ದಿನದಿಂದ ನಿನ್ನ ಕೈ ನೋಡಾಕತ್ತೀನಿ. ಈಕಿ ಕತ್ತರಿ ಹ್ಯಾಂಗ ನಿನ್ನ ಹತ್ರ ಬಂತು ಅಂಬೋದೂ ತಿಳೀತು." ರೇವಣಸಿದ್ದಯ್ಯ ಸೊಸೆಯ ಕಡೆ ತಿರುಗಿದರು. "ಆ ಊರಾಗ ನಿನ್ನ ಗಂಟಿಗಿ ಯಾವನರೆ ಕೈ ಹಾಕ್ತಾನ ಅಂತ ನಂಗ ಅಂಜಿಕಿ ಇತ್ತವ್ವ. ಹಾಕಾಂವನೇ ತಮ್ಮ ಆಗ್ಯಾನ, ಇನ್ನ ಯಾರಿಗಿ ಅಂಜಬೇಕು? ಕುಂದ್ರು, ಇಳೀಬ್ಯಾಡ. ಕರಿಯಾಕ ಬಂದ್ರ ಕಳಸ್ತೀನಂತ ಮಾತು ಕೊಟ್ಟಾಂವ ನಾನು."

ಎರಡೂ ಕೈ ಜೋಡಿಸಿ ಗೊಲ್ಲಾಳಪ್ಪನಿಗೆ ಮುಗಿದರು. ಊರೆಲ್ಲ ಕಾಲಿಗೆ ಬೀಳುವ ಮನುಷ್ಯ ಕೈ ಮುಗಿದದ್ದನ್ನು ಚಿತ್ತಾಪುರದ ಟೇಸನ್ ಮಾಸ್ತರ ಕೂಡ ಬಾಯಿ ಬಿಟ್ಟು ನೋಡಿದ.

ಆಮೇಲೆ ಚೀಲದಿಂದ ಒಂದು ಅಡಿಕೆ ತೆಗೆದು ಕಚಕ್ ಎಂದು ಎರಡು ಹೋಳು ಮಾಡಿದರು. ಒಂದನ್ನು ತಮ್ಮ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಗೊಲ್ಲಾಳಪ್ಪನ ಕೈಯಲ್ಲಿಟ್ಟರು. ಬೀಗರಿಗೆ ಹಾಗೆ ಕೊಡುವುದು ಆ ಮನೆಯ ರೂಢಿ.